ನಡುಗೋಡೆ

ಬೆಟಗೇರಿಯ ಈ ಓಣಿಯಲ್ಲಿ ಹನ್ನೊಂದು ಮನೆ.
ನಾನು ನಗರಸಭೆಯವನು: ಟೇಪು, ಸೀಸದಕಡ್ಡಿ,
ಹಳೆಯ ಮನೆಗಳ ಪಟ್ಟಿ ಬರೆಯುವ ವಹಿ.
ಕಟ್ಟೆ ಎಷ್ಟು ಉದ್ದ, ಬಾಗಿಲವಾಡದ ಮೇಲೆ ಗಿಳಿ ಎಷ್ಟು,
ಯಾವ ಗಿಳಿಗೆ ಕೊಕ್ಕು ಮುರಿದಿದೆ,
ಎಲ್ಲ ಬರೆಯಬೇಕು.

"ಗಿಳಿ ಲೆಕ್ಕಾ ಬರಕೋತೀರಿ,
ಇಲಿ ಲೆಕ್ಕಾ ಯಾರು ಬರಕೋತಾರ್ರೀ?"
ಅಂದಳು ನಿಂಬವ್ವ, ಮೊರದಿಂದ ಮುಖ ಎತ್ತದೆ.
ಅದಕ್ಕೆ ವಹಿಯಲ್ಲಿ ಜಾಗವಿಲ್ಲ.

ಸವೆದ ಹೊಚ್ಚಲು, ನಡುವೆ ಒಂದು ಬೊಗಸೆ ತಗ್ಗು.
ಮೇಲೆ ಕರಲು ಮಣ್ಣಿನ ಮಾಳಿಗೆ.
ಬೆಳಕಿಂಡಿಯಿಂದ ತಟ್ಟೆಯಗಲದ ಬಿಸಿಲು
ಜಂತಿ ಜಾರಿ, ಗೋಡೆ ಜಾರಿ,
ಮಗ್ಗದ ಕುಣಿಗೆ ಇಳಿಯುತ್ತದೆ, ಹನ್ನೊಂದೂವರೆಗೆ.
ಮಗ್ಗವಿಲ್ಲ. ಕುಣಿಯ ತುಂಬ ಉಳ್ಳಾಗಡ್ಡಿ.

ಏಳನೆಯ ಕಲಮು:
ಕಟ್ಟಡ ಇಲ್ಲಿಯತನಕ ಉಳಿದುಬಂದ ಕಾರಣ.
"ಪರಂಪರೆಯ ಅಭಿಮಾನ ಅಂತ ಬರದುಬಿಡು,"
ಸಾಹೇಬರು ಮೊದಲೇ ಹೇಳಿದ್ದರು.
ಐದು ಮನೆಗೆ ಹಾಗೇ ಬರೆದೆ.

ಆರು ಮತ್ತು ಏಳು, ಮೊದಲು ಒಂದೇ ಮನೆ.
ಒಡೆದ ಬೇಳೆಯ ಹಾಗೆ
ಒಂದು ಅಣ್ಣ ಗುರುಸಂಗಪ್ಪನದು, ಒಂದು ತಮ್ಮ ಈರಬಸಪ್ಪನದು.
ನಡುವಿನ ಗೋಡೆ ಒಂದೂವರೆ ಮೊಳ ದಪ್ಪ.
ಅದು ಯಾರದು?
ಮೂವತ್ತೊಂದು ವರ್ಷದ ದಾವೆ. ಗದಗ, ಧಾರವಾಡ, ತಿರುಗಿ ಗದಗ.
ಕೋರ್ಟು ಒಂದೇ ಸಾಲು ಬರೆದುಕೊಟ್ಟಿದೆ:
ಯಥಾಸ್ಥಿತಿ ಕಾಪಾಡತಕ್ಕದ್ದು.

ಕಾಪಾಡಿದರು. ಮೊಳೆ ಹೊಡೆಯಲಿಲ್ಲ. ಕಂಬ ಕೀಳಲಿಲ್ಲ.
ಮನೆಗಳೋ, ಒಂದರ ಭುಜಕ್ಕೆ ಒಂದು ಭುಜ ಕೊಟ್ಟು ನಿಂತವು.
ಎಡಗಡೆಯವರು ಕೆಡವಿದರೆ ಇದು ಬೀಳುತ್ತದೆ,
ಇದು ಬಿದ್ದರೆ ಕೋರ್ಟಿನ ಮಾತು ಬೀಳುತ್ತದೆ;
ಹೀಗೆ ಇಡೀ ಓಣಿ
ಉಸಿರು ಹಿಡಿದು ನಿಂತಿತು.
ಸುತ್ತ ಸ್ಲ್ಯಾಬು ಬಂದವು, ಶಟರು ಬಂದವು,
ನೀರಿನ ಕರಿಯ ಟಾಕಿಗಳು ಬಂದವು.
ಇಲ್ಲಿ ಗಿಳಿಗಳು ಅಲ್ಲೇ ಕೂತವು, ಕೊಕ್ಕಿಲ್ಲದ್ದೂ ಸೇರಿ.

"ಮ್ಯಾಲ ಹತ್ತಿ ನೋಡ್ರಿ," ಅಂದ ದಾವಲಸಾಬ,
ವರ್ಷಕ್ಕೊಮ್ಮೆ, ಮಿರಗದ ಮುಂಚೆ, ಕರಲು ಹಾಕುವವನು.
"ಗ್ವಾಡಿ ಜಗಳ ಕೆಳಗ. ಇಲ್ಲಿ ಮಾಳಗಿ ಒಂದ.
ಕೂಲಿ ಅರ್ಧಾ ಆ ಬಾಗಲದಾಗ ಇಸಕೋತೇನಿ,
ಅರ್ಧಾ ಈ ಬಾಗಲದಾಗ.
ತುಳಿಯೂದು ಮಾತ್ರ ಒಂದ ಉಸರಿಗೆ.
ಮಳಿ ಏನು ವಕೀಲರನ್ನ ಕೇಳಿ ಸೋರತೈತೇನ್ರೀ?"

ಇಳಿದು ಬಂದು ನಡುಗೋಡೆ ಅಳೆದೆ.
ದೀಪದ ಮಾಡದಲ್ಲಿ ಹಳೆಯ ಪಂಚಾಂಗವೊಂದು ಆನಿಸಿತ್ತು;
ಸರಿಸಿ, ಆಳ ನೋಡೋಣವೆಂದು ಟೇಪು ಬಿಟ್ಟೆ.
ಹೋಯಿತು.
ಹೋಗುತ್ತಲೇ ಇತ್ತು.
ಆಮೇಲೆ ಆ ತುದಿಯನ್ನು ಯಾರೋ
ಮೆಲ್ಲಗೆ ಎಳೆದರು.
ಬಳೆಯ ಸಪ್ಪಳ. ಪಿಸುದನಿ:
"ಹೆಪ್ಪು ಬೇಕಾಗಿತ್ತೇನವಾ?"

ನಿಂಬವ್ವನ ಮೊರ ನಿಂತಿತು.
ಹೊರಗೆ ಕಟ್ಟೆಯ ಮೇಲೆ ಗುರುಸಂಗಪ್ಪ
ದಾವೆಯ ಕಾಗದದ ಚೀಲ ತಲೆದಿಂಬು ಮಾಡಿ ಮಲಗಿದ್ದ;
ಒಮ್ಮೆ ಕೆಮ್ಮಿದ.
ಅವಳು ನನ್ನನ್ನು ನೋಡಿದಳು. ನಾನು ಗೋಡೆಯನ್ನು ನೋಡಿದೆ.
ಮೂವತ್ತೊಂದು ವರ್ಷ
ಅಣ್ಣ ತಮ್ಮ ಮಾತಿಲ್ಲದೆ ಉಂಡದ್ದು
ಒಂದೇ ಮೊಸರು.

ಬರೆದೆ:
ನಡುಗೋಡೆ ಗಟ್ಟಿ ಇದೆ. ಕಿಂಡಿ ಇಲ್ಲ.
ಏಳನೆಯ ಕಲಮಿಗೆ, "ತಕರಾರು" ಅಂತ ಬರೆದು, ಹೊಡೆದು ಹಾಕಿ,
ಸಾಹೇಬರ ಮಾತನ್ನೇ ಬರೆದೆ.
ನಿಂಬವ್ವ ಮಜ್ಜಿಗೆ ಕೊಟ್ಟಳು. ಹಿಂಗು ತುಸು ಜಾಸ್ತಿ.

ಮಳೆಗಾಲ ಮುಗಿದ ಮೇಲೆ ನೀಲಿ ಫಲಕ ಬಂತು:
ಸಂರಕ್ಷಿತ.
ಆದರೆ ಮೊಳೆ ಹೊಡೆಯುವಂತಿಲ್ಲವಲ್ಲ.
ಕಂಬಕ್ಕೆ ಸುತಳಿ ಸುತ್ತಿ, ಎರಡು ಗಂಟು ಹಾಕಿ,
ಗಾಳಿಗೆ ಅದು ಟಕಟಕ ಅನ್ನುವುದನ್ನು
ಕೇಳುತ್ತ ಬಂದೆ.